ಬೈಲಕುಪ್ಪೆಯಲ್ಲಿ ಬೋರ್ಡಿಲ್ಲದ ಒಂದು ಮನೆ: ಊಟ, ರೂಮು, ಮೊಮೊ ಕ್ಲಾಸು

ಮೊದ್ಲೇ ಹೇಳ್ಬಿಡ್ತೀನಿ, ಈ ಜಾಗದ ಹೆಸರು ಹಾಕಲ್ಲ. ಹಾಕೋಣ ಅಂದ್ರೂ ಬೋರ್ಡೇ ಇಲ್ಲ. ಮನೆ ಮುಂದೆ ಬಣ್ಣ ಹೋದ ಪ್ರಾರ್ಥನೆ ಬಾವುಟಗಳ ಸಾಲು, ಒಂದು ಸೀಬೆ ಮರ, ಕೆಳಗೆ ನಾಲ್ಕು ಟೇಬಲ್ಲು, ಮೇಲೆ ಎರಡು ರೂಮು, ಅಷ್ಟೇ. ರಿವ್ಯೂ ಬರೀತೀನಿ ಅಂದಾಗ ಆ ಮನೆ ಅಮ್ಮ ಹೇಳಿದ್ದು ಇಷ್ಟು: "ಬರಿ ಮಗ, ಬ್ಯಾಡ ಅನ್ನಲ್ಲ, ಹೆಸ್ರು ಮಾತ್ರ ಹಾಕ್ಬ್ಯಾಡ. ಶನಿವಾರ ಬಸ್ಸಲ್ಲಿ ಜನ ಬಂದಿಳೀತಾರೆ, ನನ್ ಹತ್ರ ಇರೋದು ಒಂದೇ ಸ್ಟೀಮರ್ರು, ಮೊಮೊ ಮುಗೀತು ಅಂದ್ರೆ ಒಂದು ಸ್ಟಾರ್ ಕೊಟ್ಟು ಹೋಯ್ತಾರೆ." ನ್ಯಾಯವಾದ ಮಾತು. ಆದ್ರೂ ಬರೀತಿದ್ದೀನಿ, ಯಾಕಂದ್ರೆ ಅಲ್ಲಿನ ಟಿಬೆಟನ್ ನಿರಾಶ್ರಿತರ ಕ್ಯಾಂಪ್‌ಗಳಲ್ಲಿ ವಿಚಾರಿಸಿದ್ರೆ ಇಂಥ ಒಂದು ಮನೆ ನಿಮಗೂ ಸಿಗಬಹುದು, ಸಿಕ್ಕಿದ್ಮೇಲೆ ನಾನು ಮೊದಲ ದಿನ ಮಾಡಿದ್ದನ್ನ ನೀವು ಮಾಡ್ಬೇಡಿ ಅಂತ.

ಬೈಲಕುಪ್ಪೆ ಗೊತ್ತಿಲ್ಲದೋರು ಕಮ್ಮಿ. ಮೈಸೂರಿಂದ ಮಡಿಕೇರಿ ರೋಡಲ್ಲಿ 80 ಚಿಲ್ಲರೆ ಕಿಲೋಮೀಟ್ರು, ಕುಶಾಲನಗರಕ್ಕೆ ಸ್ವಲ್ಪ ಮುಂಚೆ. ಎಲ್ಲರೂ ಇದನ್ನ ಕೊಡಗು ಅಂದ್ಕೋತಾರೆ, ಆದ್ರೆ ಕಾವೇರಿ ಈ ಕಡೆಗಿದೆ, ಅಂದ್ರೆ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕು. ನಾನು ಇದಕ್ಕೆ ಮುಂಚೆ ನಾಲ್ಕು ಸಲ ಹೋಗಿದ್ದೆ. ನಾಲ್ಕೂ ಸಲ ಅದೇ ರೂಟು: ಗೋಲ್ಡನ್ ಟೆಂಪಲ್, ಒಳಗೆ ಆ 60 ಅಡಿ ಬುದ್ಧನ ಮುಂದೆ ಕತ್ತೆತ್ತಿ "ಅಬ್ಬಾ" ಅನ್ನೋದು, ಹೊರಗೆ ಸೆಲ್ಫಿ, ಎದುರುಗಡೆ ಒಂದು ಪ್ಲೇಟ್ ಮೊಮೊ, ಆಮೇಲೆ ದುಬಾರೆ. ಎರಡೂವರೆ ಗಂಟೇಲಿ ಟಿಬೆಟ್ ಮುಗೀತು. ಈ ಸಲ ನಮ್ಮ ಆಫೀಸಲ್ಲಿರೋ ಒಬ್ಬ ಹುಡುಗ, ಇಲ್ಲೇ ಕ್ಯಾಂಪಲ್ಲಿ ಹುಟ್ಟಿ ಬೆಳೆದೋನು, "ಬರೀ ದೇವಸ್ಥಾನ ನೋಡ್ಕೊಂಡ್ ಬರ್ತೀರಲ್ಲ, ಎರಡು ರಾತ್ರಿ ಉಳ್ಕೊಳ್ರಿ" ಅಂತ ಬೈದು ಈ ಅಡ್ರೆಸ್ ಕೊಟ್ಟ. ನಾನು, ನನ್ನ ಸ್ನೇಹಿತ, ಆಗಸ್ಟ್ ಕೊನೆಯ ವಾರ, ಸುತ್ತಲೂ ಆಳೆತ್ತರ ಮುಸುಕಿನ ಜೋಳ.

ಗೇಟು ತೆಗೆದಿದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಉದ್ದ ನಿಲುವಂಗಿ, ಮೇಲೆ ಪಟ್ಟೆಪಟ್ಟೆ ಏಪ್ರನ್ನು, ಕೈಯಲ್ಲಿ ಜಪಮಾಲೆ. ನಾನು ನನ್ನ ಹರಕು ಹಿಂದೀಲಿ "ಆಪ್ ಹೀ ವೋ..." ಅಂತ ಶುರು ಮಾಡಿದೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ಎಲ್ಲಿಂದ ಬಂದ್ರಿ? ಬೆಂಗ್ಳೂರಾ? ಊಟ ಆಯ್ತಾ? ಚಪ್ಪಲಿ ಅಲ್ಲೇ ಬಿಡಿ, ಒಳೀಕ್ ಬನ್ನಿ." ಪಕ್ಕಾ ಪಿರಿಯಾಪಟ್ಟಣದ ಕನ್ನಡ. ನಾನು ಕನ್ನಡದೋನು, ಅವರು ಕನ್ನಡ ಮಾತಾಡೋರು, ಮಧ್ಯದಲ್ಲಿ ನಾನು ಯಾಕೆ ಹಿಂದಿ ತಂದೆ? ಮುಖ ನೋಡಿ ಭಾಷೆ ತೀರ್ಮಾನ ಮಾಡೋದು, ಬೆಂಗಳೂರಲ್ಲಿ ಬೇರೆಯವರು ಮಾಡಿದ್ರೆ ಉರಿದು ಬೀಳ್ತೀವಿ, ನಾವೇ ಮಾಡುವಾಗ ಗೊತ್ತೇ ಆಗಲ್ಲ.

ಅವರನ್ನ ಎಲ್ಲರೂ ಅಮಾಲಾ ಅಂತಾರೆ. ಅಮಾ ಅಂದ್ರೆ ಅಮ್ಮ, ಕೊನೇಲಿರೋ ಲಾ ಗೌರವಕ್ಕೆ, ನಮ್ಮ "ಅವರೇ" ಇದ್ದ ಹಾಗೆ. ನಾನೂ ಹಾಗೇ ಕರೀತೀನಿ.

ಮೊದಲು ಬಂದಿದ್ದು ಬೆಣ್ಣೆ ಚಹಾ. ಇದರ ಬಗ್ಗೆ ನೂರು ಜನ ಬರೆದಿದ್ದಾರೆ, "ಉಪ್ಪುಪ್ಪು, ವಾಕರಿಕೆ" ಅಂತ. ಟೀ ಅಂದ್ಕೊಂಡು ಬಾಯಿಗಿಟ್ರೆ ಹೌದು, ಹಾಗೇ ಅನ್ಸುತ್ತೆ, ತಪ್ಪು ಟೀದಲ್ಲ, ಆ ಹೆಸರಿಂದ ನಾವು ಏನು ನಿರೀಕ್ಷೆ ಮಾಡ್ತೀವೋ ಅದರದ್ದು. ತೆಳು ಸಾರು ಅಂದ್ಕೊಂಡು ಕುಡೀರಿ, ಎರಡನೇ ಗುಟುಕಿಗೆ ಸರಿ ಹೋಗುತ್ತೆ. ಅಲ್ಲೇ ನನ್ನ ಜ್ಞಾನ ಪ್ರದರ್ಶನ ಶುರುವಾಯ್ತು. "ಇದು ಯಾಕ್ ಬೆಣ್ಣೇನಾ ಅಮಾಲಾ?" ಅಂದೆ, ಟಿಬೆಟ್ ಕಡೆಯ ಆ ಜೂಲುಕೂದಲ ದನ ಇದೆಯಲ್ಲ, ಅದರದ್ದಾ ಅಂತ. ಅವರು ನಗೋಕೆ ಶುರು ಮಾಡಿದವರು ನಿಲ್ಲಿಸ್ಲೇ ಇಲ್ಲ. "ಯಾಕ್ ಅಂದ್ರೆ ಗಂಡು ಕಣಪ್ಪ. ಹೆಣ್ಣಿಗೆ ಡ್ರಿ ಅಂತಾರೆ. ನಿಮ್ಮೂರಲ್ಲಿ ಎತ್ತಿನ ಹಾಲು ಕರೀತಾರಾ?" ಪಕ್ಕದಲ್ಲಿದ್ದ ಸ್ನೇಹಿತ "ಯಾಕ್ ಬೇಕಿತ್ತು ಇವನಿಗೆ" ಅಂದ, ಅಮಾಲಾಗೆ ಆ ಪನ್ನೂ ಅರ್ಥ ಆಗಿ ಮತ್ತೆ ನಗು. ಬೆಣ್ಣೆ ನಂದಿನಿದಂತೆ. ಹಿಂದೆ ಮರದ ಉದ್ದನೆ ಕೊಳವೇಲಿ ಚಹಾ, ಬೆಣ್ಣೆ, ಉಪ್ಪು ಹಾಕಿ ಕಡೀತಿದ್ರು, ಈಗ ಮಿಕ್ಸಿ.

ಇನ್ನೊಂದು ಪಾಠ ಅದೇ ಲೋಟದಲ್ಲಿ. ಮರ್ಯಾದೆಗೆ ಅಂತ ಕುಡಿದು ಖಾಲಿ ಮಾಡಿದೆ, ತುಂಬಿಸಿದ್ರು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿಸಿದ್ರು. ನಾಲ್ಕಾಯ್ತು. ಹೊಟ್ಟೆ ಗುಡುಗುಡು. ಸಂಜೆ ಗೊತ್ತಾಗಿದ್ದು, ಅವರ ಪದ್ಧತೀಲಿ ಅತಿಥಿ ಲೋಟ ಖಾಲಿ ಇರೋ ಹಾಗಿಲ್ಲ, ಸಾಕು ಅನ್ಸಿದ್ರೆ ತುಂಬಿದ ಲೋಟ ಹಾಗೇ ಬಿಟ್ಟು ಮಾತಾಡ್ತಾ ಕೂರ್ಬೇಕು, ಎದ್ದು ಹೋಗೋವಾಗ ಕುಡಿದು ಇಡಬೇಕು. ನಮ್ಮನೇಲಿ ಎಲೇಲಿ ಏನಾದ್ರೂ ಬಿಟ್ರೆ ಅವಮಾನ, ಇಲ್ಲಿ ಬೇಗ ಖಾಲಿ ಮಾಡಿದ್ರೆ "ಇನ್ನೂ ಬೇಕು" ಅಂತ ಅರ್ಥ. ನಾನು ಮರ್ಯಾದೆ ತೋರಿಸ್ತಿದ್ದೀನಿ ಅಂದ್ಕೊಂಡಿದ್ದೆ, ಅವರಿಗೆ ಪಾಪ ಈ ಹುಡುಗನಿಗೆ ಎಷ್ಟು ಬಾಯಾರಿಕೆ ಅಂತ.

ಸಂಜೆ ಮೊಮೊ ಕ್ಲಾಸು. ತಲೆಗೆ 500 ರೂಪಾಯಿ, ಮಾಡಿದ್ದನ್ನ ತಿನ್ನೋದೂ ಸೇರಿ. ಮೈದಾಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡೋದು, ಕೋಸು ಈರುಳ್ಳಿ ಪನ್ನೀರು ಸಣ್ಣಗೆ ಹೆಚ್ಚೋದು, ಹಾಳೆ ಲಟ್ಟಿಸೋದು, ಮಡಿಚೋದು. ಹಾಳೆ ಮಧ್ಯ ದಪ್ಪ ಇರ್ಬೇಕು, ಅಂಚು ತೆಳ್ಳಗೆ, ಇಲ್ಲಾಂದ್ರೆ ನೆರಿಗೆ ಕೂಡಿದ ಕಡೆ ಹಿಟ್ಟಿನ ಗಂಟು ಬೇಯಲ್ಲ, ತಳ ಹರಿದು ರಸ ಸೋರುತ್ತೆ. ಅವರ ಎಡಗೈ ಹೆಬ್ಬೆರಳು ಒಳಗಡೆ ಹೂರಣ ಒತ್ತಿ ಹಿಡಿದಿರುತ್ತೆ, ಬಲಗೈ ನೆರಿಗೆ ಹಿಡೀತಾ ಹೋಗುತ್ತೆ, ನಾವು ಸೀರೆ ನೆರಿಗೆ ಹಿಡಿದ ಹಾಗೆ ಅಲ್ಲ, ಒಂದೊಂದು ನೆರಿಗೆನೂ ಹಿಂದಿನದರ ಮೇಲೆ ಕೂರುತ್ತೆ. ಸ್ಟೀಮರ್ರು ಅಲ್ಯೂಮಿನಿಯಂದು, ನಮ್ಮ ಇಡ್ಲಿ ಪಾತ್ರೆಗೆ ದೊಡ್ಡಣ್ಣ.

ಕ್ಲಾಸು ಚೆನ್ನಾಗಾಯ್ತು ಅಂದ್ಕೊಂಡು ಮಲಗೋಕೆ ಹೋದ್ವಿ. ಸ್ನೇಹಿತ ಪೂರ್ತಿ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದ, ನಲವತ್ತು ನಿಮಿಷದ ವಿಡಿಯೋ. ಹಾಸಿಗೇಲಿ ಬಿದ್ಕೊಂಡು ನೋಡಿದ್ವಿ. ಅಯ್ಯೋ ನನ್ನ ಕರ್ಮವೇ. ಆ ವಿಡಿಯೋದಲ್ಲಿ ಟಿಬೆಟನ್ ಅಡುಗೆ ಬಗ್ಗೆ ಹೆಚ್ಚು ಮಾತಾಡಿರೋದು ನಾನು. ಅಮಾಲಾ "ಇದನ್ನ ನಾವು ಲೋಸಾರ್‌ಗೆ..." ಅಂತ ಬಾಯಿ ತೆಗೀತಾರೆ, ನಾನು "ಓ ನಮ್ಮ ಯುಗಾದಿ ತರ" ಅಂತೀನಿ, ಅವರು "ಹೂಂ" ಅಂತ ಸುಮ್ಮನಾಗ್ತಾರೆ. "ನಮ್ಮ ತಾಯಿ ಇದನ್ನ ಮಡಿಚೋವಾಗ..." ಅಂತಾರೆ, ನಾನು "ನಮ್ಮಲ್ಲೂ ಹೀಗೇ ಕರ್ಜಿಕಾಯಿ ಮಡಿಚ್ತಾರೆ, ಕಡುಬು ಅಂತಾರೆ, ನಮ್ಮಜ್ಜಿ ಇದ್ದಾರಲ್ಲ..." ಅಂತ ಐದು ನಿಮಿಷ ನಮ್ಮಜ್ಜಿ ಪುರಾಣ. ಅವರ ತಾಯಿ ಮಡಿಚೋವಾಗ ಏನು ಮಾಡ್ತಿದ್ರು ಅನ್ನೋದು ಆ ವಿಡಿಯೋದಲ್ಲಿ ಇಲ್ಲ. ಅದು ಬರೋಕೆ ಮುಂಚೆ ನಾನು ಬಂದಿದ್ದೆ. ಸ್ನೇಹಿತ ಎಣಿಸಿದ, "ನಮ್ಮಲ್ಲೂ ಇದೆ" ಹದಿನೇಳು ಸಲ.

ಈ "ನಮ್ಮಲ್ಲೂ ಇದೆ" ಅನ್ನೋದು ಒಳ್ಳೇ ಮನಸ್ಸಿಂದಲೇ ಬರೋದು, ಅದು ನಿಜ. ನೀವು ಬೇರೆ ಅಲ್ಲ, ನಾವೂ ನಿಮ್ಮ ತರಾನೇ ಅಂತ ಹತ್ತಿರ ಆಗೋಕೆ. ಆದ್ರೆ ಎದುರಿಗಿರೋರಿಗೆ ಅದು ಹೇಗೆ ಕೇಳಿಸುತ್ತೆ ಅಂದ್ರೆ, ಸಾಕು, ನನಗೆ ಅರ್ಥ ಆಯ್ತು, ಮುಂದೆ ಹೇಳೋದು ಬೇಡ. ಅವರ ಮಾತಿನ ಮೊದಲರ್ಧ ನಮ್ಮದರ ಜೊತೆ ಹೊಂದುತ್ತೆ, ಹೊಂದದೇ ಇರೋದು ಎಲ್ಲಾ ಎರಡನೇ ಅರ್ಧದಲ್ಲಿರುತ್ತೆ, ನಾವು ಅಲ್ಲೀತನಕ ಬಿಡೋದೇ ಇಲ್ಲ. ಹಳ್ಳಿ ಕಡೆ ಕಥೆ ಹೇಳೋ ಅಜ್ಜಂದಿರು ಯಾರಾದ್ರೂ ಹೂಂಗುಟ್ಟದಿದ್ರೆ ಕಥೇನೇ ಮುಂದುವರಿಸ್ತಿರಲಿಲ್ಲ, ನೆನಪಿದ್ಯಾ? ಬರೀ "ಹೂಂ". ಆ ಒಂದಕ್ಷರದ ಕೆಲಸ ನಾವು ಯಾವಾಗ ಬಿಟ್ವೋ. ಅಮಾಲಾ ಫೋನಲ್ಲಿ ಅವರಣ್ಣನ ಜೊತೆ ಮಾತಾಡೋದು ಕೇಳಿದೆ, ಹತ್ತು ನಿಮಿಷ ಈ ಕಡೆಯಿಂದ "ಲಾಸೋ... ಲಾಸೋ..." ಬಿಟ್ರೆ ಬೇರೆ ಮಾತಿಲ್ಲ. ಅದು ಅವರ ಗೌರವದ ಹೂಂ.

ಎರಡನೇ ದಿನ ಬೆಳಿಗ್ಗೆ ನಾನು ಬಾಯಿಗೆ ಬೀಗ. ಸ್ನೇಹಿತ ಕಾವಲು, ಬಾಯಿ ತೆಗೆದ್ರೆ ಕಾಲು ತುಳಿಯೋದು ಅಂತ ಒಪ್ಪಂದ. ತಿಂಡಿಗೆ ತ್ಸಂಪಾ ಇಟ್ರು. ಬಾರ್ಲಿ ಹುರಿದು ಬೀಸಿದ ಹಿಟ್ಟು, ಬಟ್ಟಲಲ್ಲಿ ಸ್ವಲ್ಪ ಬೆಣ್ಣೆ ಚಹಾ, ಅದರ ಮೇಲೆ ಹಿಟ್ಟು, ಬೆರಳಲ್ಲಿ ಬಟ್ಟಲನ್ನ ತಿರುಗಿಸ್ತಾ ಕಲಸಿ ಉಂಡೆ ಕಟ್ಟೋದು. ನಾನು ಅರಸೀಕೆರೆ ಕಡೆಯೋನು ಸ್ವಾಮಿ, ಹುರಿಟ್ಟು ತಿಂದು ಬೆಳೆದೋನು, ವಾಸನೆ ಬಂದ ತಕ್ಷಣ "ನಮ್ಮಲ್ಲೂ" ಗಂಟಲ ತನಕ ಬಂತು. ಕಾಲು ತುಳಿದ. ನುಂಗ್ಕೊಂಡೆ.

ಸುಮ್ನಿದ್ದಿದ್ದಕ್ಕೆ ಬಂದಿದ್ದು ಇದು. ಟಿಬೆಟನ್ನರು ತಮ್ಮನ್ನ ತಾವೇ "ತ್ಸಂಪಾ ತಿನ್ನೋರು" ಅಂತ ಕರ್ಕೋತಾರೆ. ಪ್ರಾಂತ್ಯ ಬೇರೆ, ಮಾತಾಡೋ ರೀತಿ ಬೇರೆ, ಪಂಥ ಬೇರೆ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗದಷ್ಟು ಬೇರೆ, ಆದ್ರೆ ಎಲ್ಲರ ಬಟ್ಟಲಲ್ಲೂ ಇದೇ ಹಿಟ್ಟು. ಹಬ್ಬಕ್ಕೆ, ಪೂಜೆಗೆ ಇದನ್ನೇ ಚಿಟಿಕೆ ಹಿಡಿದು ಗಾಳಿಗೆ ಎರಚ್ತಾರೆ. ಅಮಾಲಾ ತಾಯಿ ಗಡಿ ದಾಟಿ ಬರುವಾಗ ಬೆನ್ನ ಮೇಲಿದ್ದಿದ್ದು ಒಂದು ಚರ್ಮದ ಚೀಲ ತ್ಸಂಪಾ, ಬೇಯಿಸೋದು ಬೇಡ, ಬೆಂಕಿ ಹಚ್ಚಿದ್ರೆ ಹೊಗೆ ಕಾಣುತ್ತೆ ಅನ್ನೋ ಭಯ ಇಲ್ಲ, ನೀರಿದ್ರೆ ಸಾಕು. ನಮ್ಮ ಹುರಿಟ್ಟು ಮತ್ತು ಇದು ಮಾಡೋ ವಿಧಾನದಲ್ಲಿ ಅಕ್ಕತಂಗಿ, ಒಪ್ತೀನಿ. ಆದ್ರೆ ನಮ್ಮ ಹುರಿಟ್ಟು ಸಾಯಂಕಾಲ ಹಸಿವಾದಾಗ ಮಜ್ಜಿಗೆಗೋ ಬೆಲ್ಲಕ್ಕೋ ಕಲಸ್ಕೊಳ್ಳೋದು, ಅದನ್ನ ಹೊತ್ಕೊಂಡು ದೇಶ ಬಿಟ್ಟು ಬಂದ ನೆನಪು ನಮ್ಮನೇಲಿ ಯಾರಿಗೂ ಇಲ್ಲ. ನಿನ್ನೆ ತರ "ನಮ್ಮಲ್ಲೂ ಇದೆ" ಅಂದಿದ್ರೆ ಆ ಚರ್ಮದ ಚೀಲ ಹೊರಗೇ ಬರ್ತಿರ್ಲಿಲ್ಲ.

ಅಮಾಲಾ ಹುಟ್ಟಿದ್ದು ಇಲ್ಲೇ. ಮೊದಲ ದಿನ ನಾನು ಭಾವುಕನಾಗಿ "ಟಿಬೆಟ್ ನೆನಪಾಗುತ್ತಾ ಅಮಾಲಾ?" ಅಂತ ಬೇರೆ ಕೇಳಿದ್ದೆ. "ನೋಡೇ ಇಲ್ವಲ್ಲ ಮಗ, ಹೆಂಗೆ ನೆನಪಾಯ್ತದೆ? ನಂಗೆ ನೆನಪಾಗೋದು ಕುಶಾಲನಗರದ ಸಂತೆ" ಅಂದಿದ್ರು. ಈಗ ಸುಮ್ಮನೆ ಕೂತಾಗ ಆ ಸಂತೆ ಕಥೆ ಪೂರ್ತಿ ಬಂತು. 1960-61ರಲ್ಲಿ ಮೊದಲ ತಂಡಗಳು ಬಂದಾಗ ಇಲ್ಲಿ ಬರೀ ಕಾಡು. ಡೇರೆ, ಬಿದಿರಿನ ಗುಡಿಸಲು, ಹಗಲು ಮರ ಕಡಿಯೋದು, ರಾತ್ರಿ ಆನೆ. ಚಳಿ ನಾಡಿಂದ ಬಂದೋರಿಗೆ ಈ ಸೆಖೆ ತಡ್ಕೊಳ್ಳೋಕಾಗದೆ ಕಾಯಿಲೆ ಬಿದ್ದು ಎಷ್ಟೋ ಜನ ಹೋದ್ರು. ಜೋಳ ಹಾಕೋದು ಕಲಿತಿದ್ದು ಸುತ್ತಲಿನ ಹಳ್ಳಿ ರೈತರನ್ನ ನೋಡಿ, ಅಮಾಲಾ ತಾಯಿಗೆ ಒಂದಕ್ಷರ ಕನ್ನಡ ಬರ್ತಿರ್ಲಿಲ್ಲ, ಆ ಕಡೆ ಗೌಡರ ಹೆಂಡತಿಗೆ ಒಂದಕ್ಷರ ಟಿಬೆಟನ್ ಬರ್ತಿರ್ಲಿಲ್ಲ, ಇಬ್ಬರೂ ಬದುವಿನ ಮೇಲೆ ಕೂತ್ಕೊಂಡು ಒಬ್ಬರ ಕೈ ಒಬ್ಬರು ನೋಡ್ತಿದ್ರಂತೆ. ಯಾವಾಗ ಬಿತ್ತಬೇಕು, ಎಷ್ಟು ಅಂತರ, ಯಾವ ಕಳೆ ಕೀಳಬೇಕು, ಎಲ್ಲಾ ಹಾಗೇ. ಸಂತೇಲಿ ಮೊದಲು ಕಲಿತ ಕನ್ನಡ "ಎಷ್ಟು", ಎರಡನೇದು "ಕಮ್ಮಿ ಮಾಡಿ".

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಮೈರಾಡ ಅಂತ ಒಂದು ಸಂಸ್ಥೆ ಇದೆಯಲ್ಲ, ಹಳ್ಳಿಗಳ ಸ್ವಸಹಾಯ ಸಂಘಕ್ಕೆ ಹೆಸರಾಗಿರೋದು, ಅದು 1968ರಲ್ಲಿ ಶುರುವಾಗಿದ್ದೇ ಟಿಬೆಟನ್ ನಿರಾಶ್ರಿತರ ಪುನರ್ವಸತಿ ಕೆಲಸಕ್ಕೆ. ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಕಡೆ ಕ್ಯಾಂಪ್‌ಗಳೂ ಬೈಲಕುಪ್ಪೆ ಆದ್ಮೇಲೆ ಆಗಿದ್ದು. ಟಿಬೆಟನ್ನರಿಗೆ ನೆರವಾದ ಮುಖ್ಯಮಂತ್ರಿ ನಿಜಲಿಂಗಪ್ಪನವರ ಹೆಸರು ಇಲ್ಲಿನ ಹಳಬರ ಬಾಯಲ್ಲಿ ಈಗಲೂ ಗೌರವದಿಂದ ಬರುತ್ತೆ.

ಸ್ವೆಟರ್ ವಿಷ್ಯ ಹೇಳ್ಲೇಬೇಕು. ಚಳಿಗಾಲದಲ್ಲಿ ಊರೂರಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕ್ತಾರಲ್ಲ, ನಮ್ಮಮ್ಮ ವರ್ಷಾ ವರ್ಷಾ ತಗೊಂಡು "ಟಿಬೆಟ್ ಉಣ್ಣೆ, ಕೈಯಲ್ಲಿ ಹೆಣೆದಿದ್ದು" ಅಂತ ನೆಂಟರಿಗೆಲ್ಲಾ ತೋರಿಸೋರು. ಅಮಾಲಾ ಇಪ್ಪತ್ತು ವರ್ಷ ದಾವಣಗೆರೇಲಿ ಆ ವ್ಯಾಪಾರ ಮಾಡಿದೋರು. ಮಾಲು ಲೂಧಿಯಾನದ್ದು! ಸಾಲ ತಗೊಂಡು ಲೂಧಿಯಾನಕ್ಕೆ ಹೋಗಿ ಹೋಲ್‌ಸೇಲಲ್ಲಿ ತರೋದು, ಮೂರು ತಿಂಗಳು ಮಾರೋದು, ಉಳಿದ ಒಂಬತ್ತು ತಿಂಗಳು ಹೊಲ. "ಟಿಬೆಟ್‌ದಾ ಅಂತ ಅವರೇ ಕೇಳೋರು, ಅವರೇ ಹೌದು ಅಂತ ತಲೆ ಆಡ್ಸೋರು, ನಾನು ಬರೀ ರೇಟ್ ಹೇಳ್ತಿದ್ದೆ" ಅಂದ್ರು. ಪ್ರಶ್ನೆ ಜೊತೆ ಉತ್ತರಾನೂ ನಾವೇ ತಗೊಂಡು ಹೋಗೋದು ಅಂದ್ರೆ ಇದೇ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮಧ್ಯಾಹ್ನ ಊಟಕ್ಕೆ ಒಬ್ಬ ಕಿರಿ ವಯಸ್ಸಿನ ಸನ್ಯಾಸಿ ಬಂದಿದ್ರು, ಸೆರಾ ಮಠದಲ್ಲಿ ಓದ್ತಿರೋರು. ಬಾಯಿಬೀಗ ಸ್ವಲ್ಪ ಸಡಿಲ ಆಗಿ "ಟಿಬೆಟ್ ಬಿಟ್ಟು ಯಾವಾಗ ಬಂದ್ರಿ?" ಅಂದೆ. "ನಾನು ತವಾಂಗ್‌ನೋನು, ಅರುಣಾಚಲ. ಆಧಾರ್ ಕಾರ್ಡ್ ತೋರಿಸ್ಲಾ?" ಅಂದ್ರು ನಗ್ತಾ. ಕೆಂಪು ಬಟ್ಟೆ ಹಾಕಿದೋರೆಲ್ಲ ಟಿಬೆಟ್‌ನೋರು ಅಲ್ಲ, ಲಡಾಖ್, ಅರುಣಾಚಲ, ನೇಪಾಳ, ಭೂತಾನ್ ಹುಡುಗರು ತುಂಬಾ ಜನ ಇದ್ದಾರೆ. ಇದಾದ್ಮೇಲೆ ನಿಜವಾಗ್ಲೂ ಬಾಯಿ ಮುಚ್ಚಿದೆ.

ಸಂಜೆ ಅವರೇ ಸೆರಾಗೆ ಕರ್ಕೊಂಡು ಹೋಗಿ ವಾದದ ಅಂಗಳ ತೋರಿಸಿದ್ರು. ಗೋಲ್ಡನ್ ಟೆಂಪಲ್ ನೋಡಿ ವಾಪಸ್ ಹೋಗೋರು ತಪ್ಪಿಸ್ಕೊಳ್ಳೋದು ಇದನ್ನ. ನೂರಾರು ಜನ ಜೋಡಿ ಜೋಡಿ, ಒಬ್ಬ ನೆಲದ ಮೇಲೆ ಕೂತಿರ್ತಾನೆ, ಇನ್ನೊಬ್ಬ ನಿಂತು ಕಿರುಚ್ತಾನೆ, ಕಾಲು ನೆಲಕ್ಕೆ ಅಪ್ಪಳಿಸ್ತಾನೆ, ಎರಡು ಅಂಗೈ ಪಟ್ ಅಂತ ಬಡೀತಾನೆ. ದೂರದಿಂದ ನೋಡಿದ್ರೆ ಬಸ್‌ಸ್ಟ್ಯಾಂಡ್ ಜಗಳ. ಅಸಲಿಗೆ ಅದು ತರ್ಕಶಾಸ್ತ್ರದ ಪಾಠ. ನಿಂತೋನು ಪ್ರಶ್ನೆ ಕೇಳೋನು, ಕೂತೋನು ತನ್ನ ವಾದ ಉಳಿಸ್ಕೊಳ್ಳೋನು. ಕೂತೋನು ಭಾಷಣ ಬಿಗಿಯೋ ಹಾಗಿಲ್ಲ, ಅವನಿಗಿರೋ ಉತ್ತರ ಮೂರ್ನಾಲ್ಕೇ: ಒಪ್ಪಿದೆ, ಯಾಕೆ, ಹೇತು ಸಿದ್ಧವಾಗಿಲ್ಲ (ಅಂದ್ರೆ ನೀನು ಕೊಟ್ಟ ಕಾರಣ ನಿಜ ಅಲ್ಲ), ವ್ಯಾಪ್ತಿ ಇಲ್ಲ (ಅಂದ್ರೆ ಆ ಕಾರಣದಿಂದ ಈ ತೀರ್ಮಾನ ಬರಲ್ಲ). ಹಾಗಾಗಿ ಕೇಳಿದ ವಾಕ್ಯದ ಪ್ರತೀ ತುಂಡೂ ಕಿವೀಲಿ ಬೀಳ್ಬೇಕು, ಒಂದು ಪದ ತಪ್ಪಿದ್ರೆ ತಪ್ಪು ಜಾಗದಲ್ಲಿ "ಒಪ್ಪಿದೆ" ಅಂದು ಸಿಕ್ಕಿಹಾಕ್ಕೋತಾನೆ. ಗೆಶೆ ಲ್ಹಾರಂಪಾ ಅನ್ನೋ ದೊಡ್ಡ ಪದವಿಗೆ ಸುಮಾರು 20 ವರ್ಷ ಹೀಗೇ.

ಹೇತು, ವ್ಯಾಪ್ತಿ ಅನ್ನೋ ಪದ ಕೇಳಿದಾಗ ನಿಮಗೂ ಕಿವಿ ನೆಟ್ಟಗಾಯ್ತು ತಾನೇ? ನಮ್ಮ ನ್ಯಾಯಶಾಸ್ತ್ರದವೇ. ಅಲ್ಲಿ ಓದೋದು ಏಳನೇ ಶತಮಾನದ ಭಾರತದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಬರೆದ ಪ್ರಮಾಣವಾರ್ತಿಕ ಅನ್ನೋ ತರ್ಕಗ್ರಂಥ. ಅದು ಇಲ್ಲಿಂದ ಹಿಮಾಲಯ ದಾಟಿ ಹೋಗಿ, ಟಿಬೆಟನ್ ಭಾಷೆಗೆ ಅನುವಾದ ಆಗಿ, 1419ರಲ್ಲಿ ಲ್ಹಾಸಾ ಹತ್ರ ಕಟ್ಟಿದ ಸೆರಾ ಮಠದಲ್ಲಿ ಶತಮಾನಗಟ್ಟಲೆ ಪಾಠ ಆಗಿ, 1959ರ ನಂತರ ಬಂಗಾಳದ ಬಕ್ಸಾದಲ್ಲಿದ್ದ ಬ್ರಿಟಿಷರ ಕಾಲದ ಹಳೇ ಜೈಲಲ್ಲಿ ದಿನ ತಳ್ಳಿ, 1970ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದು ಕೂತಿದೆ. ಇದು ಮಾತ್ರ "ನಮ್ಮಲ್ಲೂ ಇದೆ" ಅಂತ ಹೇಳೋಕೂ ಆಗದ ಕಥೆ. ನಮ್ಮಲ್ಲಿ ಇತ್ತು, ನಾವು ಅದನ್ನ ಬಿಟ್ವಿ, ಅವರು ಕೇಳಿಸ್ಕೊಂಡು ಇಟ್ಕೊಂಡ್ರು.

ವಾಪಸ್ ನಡ್ಕೊಂಡು ಬರುವಾಗ ಆ ಸನ್ಯಾಸಿ ಒಂದು ಮಾತು ಹೇಳಿದ್ರು, ಅವರ ಕಡೆ ಪಾಠ ಶುರು ಮಾಡೋಕೆ ಮುಂಚೆ ಹೇಳೋದಂತೆ, ಕೇಳೋನು ಮೂರು ತರ ಪಾತ್ರೆ ಆಗಿರಬಾರದು ಅಂತ. ಬೋರಲು ಹಾಕಿದ ಪಾತ್ರೆ, ಏನು ಸುರಿದ್ರೂ ಒಳಗೆ ಹೋಗಲ್ಲ. ತೂತು ಪಾತ್ರೆ, ಹೋಗುತ್ತೆ ನಿಲ್ಲಲ್ಲ. ಒಳಗೆ ಮೊದಲೇ ವಿಷ ಇರೋ ಪಾತ್ರೆ, ಹೋಗುತ್ತೆ, ನಿಲ್ಲುತ್ತೆ, ಕೆಡುತ್ತೆ. ನನ್ನ ಸ್ನೇಹಿತ ತಕ್ಷಣ "ಇವನು ಯಾವುದೂ ಅಲ್ಲ, ಇವನು ಮೊದ್ಲೇ ತುಂಬಿರೋ ಪಾತ್ರೆ, ಹಾಕಿದ್ದೆಲ್ಲಾ ಪಕ್ಕಕ್ಕೆ ಚೆಲ್ಲುತ್ತೆ" ಅಂದ. ಸನ್ಯಾಸಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಗಂಭೀರವಾಗಿ, "ಅದು ನಮ್ಮ ಪಟ್ಟೀಲಿ ಇಲ್ಲ" ಅಂದ್ರು.

ರಾತ್ರಿ ಅಮಾಲಾ ಇನ್ನೊಂದು ಹೇಳಿದ್ರು. ಮೊದಲ ದಿನ ನಾನು "ಓ ಯುಗಾದಿ ತರ" ಅಂತ ಅಡ್ಡ ಬಾಯಿ ಹಾಕಿದ್ನಲ್ಲ, ಆ ಲೋಸಾರ್ ವಾಕ್ಯದ ಬಾಕಿ. ಅವರ ಹೊಸ ವರ್ಷಕ್ಕೆ ಎರಡು ದಿನ ಮುಂಚೆ, ಹನ್ನೆರಡನೇ ತಿಂಗಳ 29ನೇ ರಾತ್ರಿ, ಗುತುಕ್ ಅಂತ ಒಂದು ಸೂಪು ಮಾಡ್ತಾರೆ, ಒಂಬತ್ತು ಸಾಮಾನು ಹಾಕಿ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ, ಒಳಗೆ ಏನೋ ಬಚ್ಚಿಟ್ಟಿರ್ತಾರೆ. ಇದ್ದಿಲು ಸಿಕ್ಕಿದ್ರೆ ಮನಸ್ಸು ಕಪ್ಪು, ಉಣ್ಣೆ ಸಿಕ್ಕಿದ್ರೆ ಮೃದು ಸ್ವಭಾವ, ಮೆಣಸಿನಕಾಯಿ ಸಿಕ್ಕಿದ್ರೆ ವಾಚಾಳಿ. ಮನೆಯವರೆಲ್ಲಾ ಸುತ್ತ ಕೂತು ಒಬ್ಬೊಬ್ಬರ ಉಂಡೆ ಒಡೆದು ನಗೋದು. "ನೀನು ಲೋಸಾರ್‌ಗೆ ಬಾ ಮಗ, ನಿನ್ ಉಂಡೇಲಿ ಏನಿರ್ತದೆ ಅಂತ ಈಗ್ಲೇ ಗೊತ್ತು" ಅಂದ್ರು. ಇದರಲ್ಲಿ ಯುಗಾದಿ ತರ ಏನೂ ಇಲ್ಲ, ನೋಡಿ.

ಸರಿ, ರಿವ್ಯೂ ಅಂದ್ಮೇಲೆ ಊಟದ ಬಗ್ಗೆ. ವೆಜ್ ಮೊಮೊ ಸೂಪರ್, ಮಟನ್ ಮೊಮೊ ಅದಕ್ಕಿಂತ ಒಂದು ಕೈ ಮೇಲೆ, ಕಚ್ಚಿದ್ರೆ ರಸ ಗಲ್ಲಕ್ಕೆ ಇಳಿಯುತ್ತೆ, ಶರ್ಟು ಹುಷಾರು. ಮೆಣಸಿನಕಾಯಿ ಚಟ್ನಿ, ಸೆಪೆನ್ ಅಂತಾರೆ, ಬೆಂಗಳೂರಿನ ಗಾಡಿಗಳ ಆ ಕೆಂಪು ಬಣ್ಣದ ನೀರಲ್ಲ, ನಿಜವಾದ ಖಾರ. ತೆಂತುಕ್ ತಪ್ಪಿಸ್ಬೇಡಿ, ಹಿಟ್ಟನ್ನ ಕೈಯಲ್ಲಿ ಎಳೆದು ಚೂರು ಚೂರು ಹರಿದು ಕುದಿಯೋ ಸಾರಿಗೆ ಎಸೆಯೋದು, ಮಳೆ ಬರ್ತಿದ್ರೆ ಇನ್ನೇನೂ ಬೇಡ. ತಿಂಗ್ಮೋ ಅನ್ನೋ ಹಬೆ ಬನ್ನು ನನಗೆ ಸಪ್ಪೆ ಅನ್ನಿಸ್ತು, ಅದು ಗ್ರೇವಿ ಜೊತೆ ತಿನ್ನೋದು, ನಾನು ಒಂದೇ ತಿಂದೆ, ತಪ್ಪು ನಂದೇ ಇರ್ಬಹುದು. ಲಾಫಿಂಗ್ ಅಂತ ಹೆಸರುಬೇಳೆ ಪಿಷ್ಟದ ತಣ್ಣನೆ ಜಾರುಜಾರು ಐಟಂ, ಸ್ನೇಹಿತ ಮೂರು ಪ್ಲೇಟ್ ತಿಂದ, ನನಗೆ ಆಗ್ಲಿಲ್ಲ.

ರೂಮು ರಾತ್ರಿಗೆ 1,200. ಕ್ಲೀನಾಗಿದೆ, ರಜಾಯಿ ದಪ್ಪ. ಬಿಸಿನೀರು ಬೆಳಿಗ್ಗೆ ಮಾತ್ರ, ಅದೂ ಕರೆಂಟ್ ಇದ್ರೆ, ಒಂದು ದಿನ ಇರ್ಲಿಲ್ಲ. ಬಾತ್‌ರೂಂ ಬಾಗಿಲ ಚಿಲಕ ಸರಿಯಿಲ್ಲ, ಹಾಡು ಹೇಳ್ತಾ ಸ್ನಾನ ಮಾಡಿ. ನಾಯಿಗಳು ರಾತ್ರಿಯೆಲ್ಲಾ ಬೊಗಳ್ತಾವೆ. ಬೆಳಗಿನ ಜಾವ ಮಠದ ಕಡೆಯಿಂದ ಉದ್ದ ಕಹಳೆ ಶಬ್ದ, ಮೊದಲ ದಿನ ಲಾರಿ ಕೆಟ್ಟಿದೆ ಅಂದ್ಕೊಂಡಿದ್ದೆ. ಊಟ ಆರ್ಡರ್ ಮಾಡಿದ್ರೆ ಮುಕ್ಕಾಲು ಗಂಟೆ ಗ್ಯಾರಂಟಿ, ಅರ್ಜೆಂಟ್ ಇದ್ದೋರು ಹೈವೇ ಹೋಟೆಲಿಗೆ ಹೋಗಿ. ಕ್ಯಾಶ್ ಇಟ್ಕೊಳ್ಳಿ, ನೆಟ್‌ವರ್ಕ್ ಒಂದೊಂದ್ಸಲ ಕೈ ಕೊಡುತ್ತೆ. ವಿದೇಶಿ ಪಾಸ್‌ಪೋರ್ಟ್ ಇರೋ ನೆಂಟರು ಸ್ನೇಹಿತರು ಜೊತೇಲಿದ್ರೆ ನೆನಪಿರ್ಲಿ, ಅವರಿಗೆ ಈ ಕ್ಯಾಂಪ್‌ಗಳಲ್ಲಿ ರಾತ್ರಿ ಉಳಿಯೋಕೆ ಕೇಂದ್ರ ಗೃಹ ಸಚಿವಾಲಯದ ಪರ್ಮಿಟ್ ಬೇಕು, ಹಿಂದಿನ ದಿನ ಫೋನ್ ಮಾಡಿದ್ರೆ ಆಗೋ ಕೆಲಸ ಅಲ್ಲ. ನಮಗೆ ಬರೀ ಐಡಿ ಸಾಕು.

ಸ್ಟಾರ್ ಕೇಳಿದ್ರೆ ಊಟಕ್ಕೆ ಐದು, ರೂಮಿಗೆ ಮೂರು, ಮೊಮೊ ಕ್ಲಾಸಿಗೆ, ವಿದ್ಯಾರ್ಥಿ ದಡ್ಡ ಆಗಿದ್ದಕ್ಕೆ ಟೀಚರ್ ಮಾರ್ಕ್ಸ್ ಕಟ್ ಮಾಡೋಕಾಗಲ್ಲ, ಐದೇ.

ಹೊರಡುವಾಗ ಅಮಾಲಾ ಅರ್ಧ ಕೆಜಿ ತ್ಸಂಪಾ ಕಟ್ಟಿಕೊಟ್ರು, ದುಡ್ಡು ತಗೊಳ್ಳಲಿಲ್ಲ. ಊರಿಗೆ ಹೋದಾಗ ಅಜ್ಜಿಗೆ ಮಾಡಿಕೊಟ್ಟೆ, ಬೆಣ್ಣೆ, ಉಪ್ಪಿನ ಚಹಾ, ಬಟ್ಟಲು ತಿರುಗಿಸೋದು ಎಲ್ಲಾ ಸೇರಿಸಿ. "ಅಜ್ಜಿ, ಇದನ್ನ ಅವರು ಚರ್ಮದ ಚೀಲದಲ್ಲಿ..." ಅಂತ ಶುರು ಮಾಡಿದೆ ಅಷ್ಟೇ. ಅಜ್ಜಿ ಒಂದು ಚೂರು ಬಾಯಿಗೆ ಹಾಕ್ಕೊಂಡು, "ಹುರಿಟ್ಟು ಕಣೋ ಇದು, ನಮ್ಮಲ್ಲೂ ಇತ್ತು" ಅಂದ್ರು. ಆಮೇಲೆ ಬಾರ್ಲಿದು ಅಂದಿದ್ದಕ್ಕೆ ಮುಖ ಸಿಂಡರಿಸಿ, "ಬಾರ್ಲಿನಾ? ಅದು ಹುಷಾರಿಲ್ದೋರಿಗೆ ಗಂಜಿ ಮಾಡಿ ಕೊಡೋದಲ್ವೇನೋ, ಯಾರಿಗೇನಾಗಿತ್ತು ಅಲ್ಲಿ?"